ಉಸುಕಿನಾಗ ನಡೆಯಾಕ ರಜಾ ಕೊಡ್ರಿ

ನಾವು ಮೂವರು ಹೆಂಗಸರು ಮರುಭೂಮಿಗೆ ಹೋಗುವ ಯೋಜನೆ ಹಾಕಿದಾಗಲೆಲ್ಲ ಯಾರಿಗಾದರೂ ಏನಾದರೂ ಆಗಿಯೇ ತೀರುತ್ತದೆ. ನಮಗಲ್ಲ, ಮನೆಯಲ್ಲಿ ಉಳಿಯುವವರಿಗೆ. ಒಂದು ವರ್ಷ ಒಬ್ಬರ ಮಾವನಿಗೆ ಎದೆ ಹಿಡಿಯಿತು. ನಾವು ರೈಲಿನ ಟಿಕೆಟ್ ರದ್ದು ಮಾಡಿದ ಅರ್ಧ ತಾಸಿಗೆ ಬಿಟ್ಟಿತು. ಇನ್ನೊಂದು ವರ್ಷ ನನ್ನ ಗಂಡನ ಕಾಲು ಉಳುಕಿತು, ಹಾಸಿಗೆಯಲ್ಲಿ ಮಲಗಿದ್ದಲ್ಲೇ.

ಯೋಜನೆ ಅಂಥಾ ದೊಡ್ಡದೇನಲ್ಲ. ರಾಜಸ್ಥಾನದ ಮರುಭೂಮಿಯಲ್ಲಿ ಒಂದು ರಾಷ್ಟ್ರೀಯ ಉದ್ಯಾನವಿದೆ. ಉದ್ಯಾನ ಅಂದರೆ ಹೂವಿನ ತೋಟ, ಕಾರಂಜಿ ಅಲ್ಲ. ಉಸುಕು, ಕುರುಚಲು ಗಿಡ, ಅವುಗಳ ನಡುವೆ ಹೇಗೋ ಬದುಕಿಕೊಂಡಿರುವ ಹಕ್ಕಿ, ಹಲ್ಲಿ, ನರಿ. ಅನುಮತಿ ಪಡೆದು, ದಾರಿ ತೋರಿಸುವವರ ಜೊತೆ ಹಗಲೆಲ್ಲ ನಡೆಯುವುದು. ಅಂಚಿನ ಹಳ್ಳಿಯ ಬಯಲಿನಲ್ಲಿ ಡೇರೆ ಹೊಡೆದು ಮಲಗುವುದು. ಐದು ದಿನ. ಆ ಐದು ದಿನಕ್ಕೆ ನಮಗೆ ಆರು ವರ್ಷ ಬೇಕಾಯಿತು. ಈ ಆರು ವರ್ಷದಲ್ಲಿ ನಗು ಬಂದದ್ದು ಎಷ್ಟು ಸಲ, ಹಲ್ಲು ಕಡಿದದ್ದು ಎಷ್ಟು ಸಲ ಅಂತ ಯಾರಾದರೂ ಕೇಳಿದರೆ, ಎರಡೂ ಒಂದೇ ಸಲ ಆಗುತ್ತಿತ್ತು ಅಂತ ಹೇಳುತ್ತೇನೆ.

ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಊರೆಲ್ಲ ಅಕ್ಕಾರ ಅಂತ ಕರೆಯುತ್ತದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮರುಭೂಮಿಯ ಪಾಠ ಮಾಡಿದ್ದೇನೆ, ಮರುಭೂಮಿ ನೋಡದೆಯೇ. ಎರಡನೆಯವಳು ಮುದ್ದೇಬಿಹಾಳ ಕಡೆಯ ನರ್ಸ್. ಅವಳನ್ನು ನಾವು ಸಿಸ್ಟರ್ ಅನ್ನುತ್ತೇವೆ. ಮೂರನೆಯವಳು ಇಂಡಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಅವಳನ್ನು ನಾವಿಬ್ಬರೂ ವೈನಿ, ಅಂದರೆ ಅತ್ತಿಗೆ, ಅಂತ ಕರೆಯುತ್ತೇವೆ.

೧. ಚುನಾವಣೆಯ ಪುಣ್ಯ

ನಾವು ಮೂವರೂ ಒಬ್ಬರಿಗೊಬ್ಬರು ಪರಿಚಯವಾದದ್ದು ಬಸವನ ಬಾಗೇವಾಡಿ ತಾಲೂಕಿನ ಮಸೂತಿಯಲ್ಲಿ, ಒಂದು ಚುನಾವಣೆಯ ಡ್ಯೂಟಿಯಲ್ಲಿ. ನಾನು ಮತ್ತು ವೈನಿ ಮತಗಟ್ಟೆಯ ಸಿಬ್ಬಂದಿ. ಸಿಸ್ಟರ್ ಔಷಧದ ಪೆಟ್ಟಿಗೆ ಇಟ್ಟುಕೊಂಡು ಬಾಗಿಲಲ್ಲಿ ಕೂತವಳು. ಎರಡು ದಿನ ಸಾಲಿಯ ಒಂದು ಖೋಲಿಯಲ್ಲಿ ಬೆಂಚು ಜೋಡಿಸಿ ಮಲಗಿದೆವು. ಫ್ಯಾನ್ ತಿರುಗುತ್ತಿರಲಿಲ್ಲ, ನಳಕ್ಕೆ ನೀರಿರಲಿಲ್ಲ, ಕಿಟಕಿಗೆ ಬಾಗಿಲಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ವೈನಿ ಬೆಂಚಿನ ಮೇಲೆ ಎದ್ದು ಕೂತು ಮೈ ಮುರಿದಳು. ಆಮೇಲೆ ಹೇಳಿದಳು:

"ಅಕ್ಕಾರ, ನಾ ಮದುವಿ ಆದ ಮ್ಯಾಲ ಇಷ್ಟು ನಿದ್ದಿ ಮಾಡಿದ್ದಿಲ್ರಿ."

"ಯಾರೂ ಎಬ್ಬಿಸಲಿಲ್ಲಲ್ರಿ, ಅದಕ್ಕ," ಅಂದಳು ಸಿಸ್ಟರ್.

ಮೂವರೂ ನಕ್ಕೆವು. ಇಪ್ಪತ್ತು-ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಒಳ್ಳೆಯ ನಿದ್ದೆಗೆ ಸರ್ಕಾರವೇ ಆರ್ಡರ್ ಹೊರಡಿಸಬೇಕಾಯಿತಲ್ಲ ಅನ್ನುವ ವಿಚಾರ ಮೂವರ ತಲೆಯಲ್ಲೂ ಬಂದಿರಬೇಕು. ನಾನು ಸುಮ್ಮನೆ ಇರಲಾರದೆ ಖಡು ತಗೊಂಡು ಬೋರ್ಡಿನ ಮೇಲೆ ರಾಜಸ್ಥಾನದ ನಕ್ಷೆ ಬರೆದೆ. ಮರುಭೂಮಿ ಎಲ್ಲಿದೆ, ಉದ್ಯಾನ ಎಲ್ಲಿದೆ, ಯಾವ ತಿಂಗಳು ಹೋಗಬೇಕು, ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ನೀರು ಬೇಕು, ಎಲ್ಲ ಹೇಳಿದೆ. ಮತದಾನ ಶುರುವಾಗುವ ಮೊದಲು ಅಲ್ಲಿ ಮೂರು ಮತ ಒಂದೇ ಕಡೆ ಬಿದ್ದಿದ್ದವು.

ಮನೆಗೆ ಬಂದಾಗ ನಮ್ಮವರು "ಪಾಪ, ಭಾಳ ತ್ರಾಸ ಆಗಿರಬೇಕು" ಅಂದರು. "ಭಾಳ ಆತ್ರಿ" ಅಂತ ನಾನು ಸೋತ ಮುಖ ಮಾಡಿದೆ. ವೈನಿಗೆ ಅಷ್ಟು ನಾಟಕ ಬರುವುದಿಲ್ಲ. ಮುಂದಿನ ಚುನಾವಣೆ ಬಂದಾಗ ಅವಳು ತಾನಾಗಿಯೇ ಅರ್ಜಿ ಬರೆದು, ನನ್ನನ್ನು ದೂರದ ಬೂತಿಗೆ ಹಾಕಿರಿ ಅಂತ ಕೇಳಿಕೊಂಡಳು. ಕಚೇರಿಯ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು. ಆಮೇಲೆ ಬಾಗಿಲು ಮುಂದೆ ಮಾಡಿಸಿ, ದನಿ ಸಣ್ಣದು ಮಾಡಿ ಕೇಳಿದರು:

"ಎಲ್ಲಾರೂ ಡ್ಯೂಟಿ ತಗೀರಿ ಅಂತ ಅರ್ಜಿ ಕೊಡ್ತಾರ. ನೀವೊಬ್ಬರು ಹಾಕ್ರಿ ಅಂತೀರಿ. ಖರೇ ಹೇಳ್ರಿ ಬಾಯಾರ, ನೀವು ಯಾವ ಪಾರ್ಟಿ?"

೨. ಉಸುಕಾಂಬಾದೇವಿ

ನಮ್ಮ ಅತ್ತೆಯವರಿಗೆ ಎಂಬತ್ತರ ಹತ್ತಿರ ವಯಸ್ಸು. ಏಕಾದಶಿ ಬಿಟ್ಟವರಲ್ಲ. ಸಿಟ್ಟು ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ. ಮೊದಲು ಅವರ ಒಪ್ಪಿಗೆ ಪಡೆದರೆ ನಮ್ಮವರನ್ನು ಒಪ್ಪಿಸುವುದು ಸಸಾರ ಅಂತ ಲೆಕ್ಕ ಹಾಕಿ, ಅವರು ಬತ್ತಿ ಹೊಸೆಯುವಾಗ ಹೋಗಿ ಕೂತೆ.

"ಅಲ್ಲಿ ಯಾವ ದೇವರದಾನ?" ಅಂತ ಕೇಳಿದರು.

"ದೇವರಿಲ್ಲ ಅತ್ತಿ. ಉಸುಕದ."

"ಅಗಬಾಯಿ! ಉಸುಕು ಇಲ್ಲೇನು ಕಡಿಮಿ ಅದ? ಭೀಮಾ ನದಿಗೆ ಹೋಗಿ ನೋಡಿ ಹೊತ್ತು ಮುಳುಗೂದ್ರಾಗ ಬಾ."

"ನಡೀಲಿಕ್ಕೆ ಹೋಗ್ತೀವಿ ಅತ್ತಿ. ಸುಮ್ಮನ ನಡೀಲಿಕ್ಕೆ."

ಅವರ ಬೆರಳು ನಿಂತಿತು. "ನಾನೂ ಒಮ್ಮೆ ಪಂಢರಪುರಕ್ಕೆ ನಡಕೋತ ಹೋಗಿದ್ದೆ" ಅಂದರು. "ವಿಠ್ಠಲನ್ನ ಒಂದು ಕ್ಷಣ ನೋಡಿದೆ. ಹಿಂದಿನವರು ದಬ್ಬಿದರು, ಮುಂದ ಹೋದೆ. ಅವನ ಮಾರಿ ಹೆಂಗಿತ್ತು ಅಂತ ಈಗ ಸರಿಯಾಗಿ ನೆನಪಿಲ್ಲ. ಹಾದ್ಯಾಗ ಒಂದು ದಿನ ಬೇವಿನ ಗಿಡದ ಬುಡಕ ಸುಮ್ಮನ ಕೂತಿದ್ದೆ. ಎಲ್ಲಿದ್ದೀ ಅಂತ ಯಾರೂ ಒದರಲಿಲ್ಲ. ಅದು ನೆನಪದ."

"ಹಂಗಾದ್ರ ನಾ ಹೋಗಲೇನು ಅತ್ತಿ?" ಅಂದೆ.

"ಹುಚ್ಚಿ ಇದ್ದೀ! ನಾ ದೇವರ ಹೆಸರು ಹೇಳಿ ಹೋಗಿದ್ದೆ. ನೀನೂ ಒಂದು ಹೆಸರು ಹೇಳು. ಯಾರು ಹೋಗಿ ನೋಡ್ತಾರ?"

ಹೀಗೆ, ಏಕಾದಶಿ ಬಿಡದ ಆ ತಾಯಿಯ ಆಶೀರ್ವಾದದಿಂದ ನಾನು ಒಂದು ಗುರುವಾರ ಸಂಜೆ ಉಸುಕಾಂಬಾದೇವಿಯನ್ನು ಹುಟ್ಟಿಸಿದೆ. ಮರುಭೂಮಿಯ ನಡುವೆ ಗುಡಿ, ಕಾಲ್ನಡಿಗೆಯಲ್ಲೇ ಹೋಗಬೇಕು, ಹೆಂಗಸರಷ್ಟೇ ಹೋಗಬೇಕು ಅಂತ ನಿಯಮವನ್ನೂ ಮಾಡಿದೆ. ನಮ್ಮವರು ಕೈ ಮುಗಿದು ಒಪ್ಪಿಕೊಂಡರು. ತಪ್ಪಾದದ್ದು ಅಲ್ಲೇ. ಅವರು ಓಣಿಯಲ್ಲಿ ಹೇಳಿದರು. ಭಾನುವಾರದೊಳಗೆ ಒಬ್ಬರು ಖಣ ತಂದುಕೊಟ್ಟರು, ಒಬ್ಬರು ಹರಕೆಯ ತೆಂಗಿನಕಾಯಿ ತಂದರು. ಸೋಮವಾರ ಒಂದು ಟೆಂಪೋ ತುಂಬುವಷ್ಟು ಹೆಂಗಸರು ನಾವೂ ಬರುತ್ತೇವೆ ಅಂತ ಸೀರೆ ಇಸ್ತ್ರಿಗೆ ಹಾಕಿದರು. ಗುಡಿಯ ದುರಸ್ತಿ ನಡೆದಿದೆ, ಈ ವರ್ಷ ದರ್ಶನ ಇಲ್ಲವಂತೆ ಅಂತ ಹೇಳಿ ಇಡೀ ಯೋಜನೆಯನ್ನೇ ಮುರಿದು ಹಾಕಬೇಕಾಯಿತು.

ಮಗ್ಗುಲು ಮನೆಯಾಕೆಗೆ ಬಹಳ ಬೇಜಾರಾಯಿತು. ನನ್ನ ಕೈ ಹಿಡಿದುಕೊಂಡು ಹೇಳಿದಳು:

"ಭಾಳ ಜಾಗೃತ ದೇವಿ ಅದಾಳ್ರೀ ಅಕ್ಕಾರ. ನಮ್ಮ ಸೋದರಮಾವನ ಮಗಳಿಗೆ ಎಂಟು ವರ್ಷದ ಹಿಂದ ಆಕೀಗೆ ಹರಕಿ ಹೊತ್ತ ಮ್ಯಾಲೇ ಗಂಡು ಹುಟ್ಟಿದ್ದು!"

೩. ಸಾಲೋಟಗಿಯ ಹಾದಿ

ಬೆನ್ನಿಗೆ ಭಾರ ಹಾಕಿಕೊಂಡು ನಡೆದು ರೂಢಿಯಾಗಬೇಕು ಅಂತ ಒಂದು ಭಾನುವಾರ ಬೆಳಿಗ್ಗೆ ಮೂವರೂ ಇಂಡಿಯಲ್ಲಿ ಸೇರಿದೆವು. ಅಲ್ಲಿಂದ ಸಾಲೋಟಗಿಗೆ ನಡೆದು ಹೋಗುವುದು, ಅಲ್ಲಿಯ ಹಳೆಯ ಶಾಸನ ನೋಡುವುದು, ಬಸ್ಸಿಗೆ ವಾಪಸ್ಸು ಬರುವುದು. ನಮ್ಮ ಚೀಲಗಳಲ್ಲಿ ನೀರಿನ ಬಾಟಲಿ, ಹಾಸಿಗೆ, ಭಾರಕ್ಕೆಂದು ಸೇರು ಸೇರು ಜೋಳ.

ನಮ್ಮ ಕಡೆ ಹೆಂಗಸು ರಸ್ತೆಯಲ್ಲಿ ನಡೆಯಬಹುದು. ಹೊಲಕ್ಕೆ ಬುತ್ತಿ ಹೊತ್ತು, ನೀರು ಹೊತ್ತು, ಕಟ್ಟಿಗೆ ಹೊತ್ತು ಎಷ್ಟು ದೂರ ಬೇಕಾದರೂ ನಡೆಯಲಿ, ಯಾರೂ ಕತ್ತೆತ್ತಿ ನೋಡುವುದಿಲ್ಲ. ಕಾರಣವಿಲ್ಲದೆ ನಡೆದರೆ ಮಾತ್ರ ಊರು ನಿಲ್ಲುತ್ತದೆ.

ಮೊದಲು ಒಬ್ಬ ಮೋಟರ್ ಸೈಕಲ್ ನಿಲ್ಲಿಸಿದ. "ಯಾರರೆ ತೀರಿಕೊಂಡಾರೇನ್ರಿ? ಬಸ್ ತಪ್ಪಿತೇನು?" ಇಲ್ಲ ಅಂದೆವು. ಆಮೇಲೆ ಒಂದು ಟ್ರ್ಯಾಕ್ಟರ್. ಆಮೇಲೆ ಹಾಲಿನ ಗಾಡಿ. ಪ್ರತಿಯೊಬ್ಬರಿಗೂ ಹತ್ತಿಸಿಕೊಳ್ಳುವ ಮನಸ್ಸು, ಹತ್ತುವುದಿಲ್ಲ ಅಂದರೆ ಸಿಟ್ಟು. ಕೊನೆಗೆ ಒಂದು ಟಂಟಂ ಆಟೋ ನಮ್ಮನ್ನು ದಾಟಿ ಹೋಗಿ, ನಿಂತು, ಹಿಂದಕ್ಕೆ ಬಂತು. ಓಡಿಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಎರಡು ಮಕ್ಕಳ ತಂದೆ. ನನ್ನ ಬೆನ್ನಿನ ಚೀಲ ನೋಡಿ ಅವನ ಕಣ್ಣು ತುಂಬಿತು.

"ಅಕ್ಕಾರ... ಮನ್ಯಾಗ ಸರ್ ಹೊಡದಾರೇನ್ರಿ?"

"ಇಲ್ಲಪಾ! ನಾನಽ ನಡೀಲಿಕ್ಕೆ ಬಂದೀನಿ."

"ಹೌದ್ರಿ ಅಕ್ಕಾರ," ಅಂದ ಅವನು, ಒಂದಿಷ್ಟೂ ನಂಬದೆ. "ನೀವು ಯಾವತ್ತೂ ಯಾರ ಮ್ಯಾಲೂ ತಪ್ಪು ಹೊರಸಿದವರಲ್ಲ."

ನಾವು ಸಾಲೋಟಗಿ ಮುಟ್ಟಿ, ಶಾಸನದ ಕಂಬ ನೋಡಿ, ನೆರಳಿಗೆ ಕೂತು ರೊಟ್ಟಿ ಬಿಚ್ಚುವ ಹೊತ್ತಿಗೆ ಸುದ್ದಿ ಸಿಂದಗಿ ದಾಟಿ ತಾಳಿಕೋಟೆ ಮುಟ್ಟಿತ್ತು. ಅಲ್ಲಿ ನನ್ನ ತಮ್ಮ ಇದ್ದಾನೆ. ನಮ್ಮ ತವರು ಮನೆ ಅಲ್ಲಿಯೇ. ಫೋನ್ ಮಾಡಿದ.

"ಅಕ್ಕಾ, ನೀ ಏನೂ ಹೇಳಬ್ಯಾಡ. ನನಗೆಲ್ಲಾ ತಿಳೀತು. ಇಷ್ಟು ವರ್ಷ ತಡಕೊಂಡಿ."

"ಅಯ್ಯ, ಏನೂ ಆಗಿಲ್ಲೋ—"

"ನೀ ಅಳಬ್ಯಾಡ. ನಮ್ಮ ಮನಿ ಬಾಗಲಾ ನಿನಗ ಯಾವಾಗಲೂ ತೆರದಽ ಇರ್ತದ." ಅಲ್ಲಿಗೆ ಅವನ ದನಿ ಸ್ವಲ್ಪ ತಗ್ಗಿತು. ಹಿಂದೆ ಅವನ ಹೆಂಡತಿ ಏನೋ ಹೇಳುತ್ತಿದ್ದದ್ದು ನನಗೂ ಕೇಳಿಸಿತು. "ಆದ್ರ ಅಕ್ಕಾ, ಈಗಽ ಬರಬ್ಯಾಡ. ಮನಿಗೆ ಬಣ್ಣಾ ಹಚ್ಚಲಿಕ್ಕೆ ಹತ್ತಾರ."

೪. ಡೇರೆ

ಡೇರೆಯೊಂದನ್ನು ತರಿಸಿದೆವು. ಚೀಲದಲ್ಲಿ ಮಡಚಿದರೆ ತಲೆದಿಂಬಿನಷ್ಟು, ಬಿಚ್ಚಿದರೆ ಮೂರು ಜನ ಮಲಗುವಷ್ಟು. ಹೊಡೆದು ನೋಡುವುದಕ್ಕೆ ಬಯಲು ಬೇಕು. ಸಿಂದಗಿಯಲ್ಲಿ ಹೊಡೆದರೆ ತಮ್ಮ ಮತ್ತೆ ಫೋನ್ ಮಾಡುತ್ತಾನೆ. ಅದಕ್ಕೆ ಸಿಸ್ಟರ್ ನಮ್ಮನ್ನು ಮುದ್ದೇಬಿಹಾಳದ ಆಚೆಗೆ, ಅವಳ ಅಪ್ಪ ಇರುವಲ್ಲಿಗೆ ಕರಕೊಂಡು ಹೋದಳು.

ಅವಳ ಅಪ್ಪ ಕುರಿ ಕಾಯುವ ಮನುಷ್ಯ. ಎಪ್ಪತ್ತು ದಾಟಿದೆ. ವರ್ಷದಲ್ಲಿ ಎಂಟು ತಿಂಗಳು ಊರಿಂದ ಊರಿಗೆ ಹಿಂಡಿನ ಜೊತೆ ನಡೆಯುತ್ತಾನೆ. ಅವತ್ತು ಯಾರದೋ ಕಪ್ಪು ಮಣ್ಣಿನ ಎರಿ ಹೊಲದಲ್ಲಿ, ಗೊಬ್ಬರವಾಗಲಿ ಅಂತ, ಕುರಿ ತರುಬಿದ್ದ. ನಾವು ಪಕ್ಕದಲ್ಲಿ ಡೇರೆ ಬಿಚ್ಚಿದೆವು. ಜೊತೆಗೆ ಬಂದಿದ್ದ ಸಣ್ಣ ಪುಸ್ತಕ ತೆರೆದು ನಾನು ಓದುವುದು, ಅವರಿಬ್ಬರೂ ಗೂಟ ಬಡಿಯುವುದು. ಎರಿ ಭೂಮಿ ಬೇಸಿಗೆಗೆ ಬಾಯಿ ಬಿಟ್ಟಿತ್ತು. ಮೊದಲನೆಯ ಗೂಟ ಬಿರುಕಿನೊಳಗೆ ಇಳಿದು ಕಾಣದಾಯಿತು. ಎರಡನೆಯದೂ ಅಷ್ಟೇ. ಮೂರನೆಯದನ್ನು ವೈನಿ ಕೈಯಲ್ಲೇ ಹಿಡಿದುಕೊಂಡು ನಿಂತಳು.

ಮುದುಕ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ ಬಂದ.

"ಏನವಾ ಇದು?"

"ಬಯಲಾಗ ಮಲಗಾಕ ಯಪ್ಪಾ," ಅಂದಳು ಸಿಸ್ಟರ್.

"ಬಯಲಾಗ ಮಲಗಾವ್ರು ಇದರ ಒಳಗ ಯಾಕ ಹೋಗ್ತೀರಿ?"

ನಾನು ಪುಸ್ತಕದ ಹಾಳೆ ತಿರುವಿದೆ. ಉತ್ತರ ಅದರಲ್ಲಿ ಇರಲಿಲ್ಲ. ಅವನು ನನ್ನ ಕೈಯಿಂದ ಆ ಪುಸ್ತಕ ತಗೊಂಡು ತಿರುಗಿಸಿ ತಿರುಗಿಸಿ ನೋಡಿದ. ಅದರಲ್ಲಿ ಬಿಳಿಯ ಹೆಂಗಸೊಬ್ಬಳು ಡೇರೆಯ ಮುಂದೆ ನಗುತ್ತ ಕೂತ ಚಿತ್ರವಿತ್ತು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಅಂದ. "ಇವಳ ಮದುವಿ ಮಾತಾಡಾಕ ಬಂದಾಗ ಎರಡು ಸಂಬಂಧ ತಪ್ಪಿ ಹೋದೂವು. ಹುಡುಗಿ ಛಲೋ ಅದಾಳ, ನೌಕರಿ ಐತಿ, ಆದ್ರ ಬಯಲಾಗ ಮಲಗೋ ಮಂದಿ ಅಂದ್ರು. ಈಗ ನೀವು ಕಲಿತವರು, ಬಯಲಾಗ ಮಲಗೂದು ಹೆಂಗ ಅಂತ ಪುಸ್ತಕ ತರಸೀರಿ."

ಸಿಸ್ಟರ್ ಮುಖ ಆ ಕಡೆ ತಿರುಗಿಸಿದಳು. ನಾನು ನೆಲ ನೋಡಿದೆ. ಮುದುಕನಿಗೆ ತಾನೇ ಹೆಚ್ಚು ಮಾತಾಡಿದೆ ಅನ್ನಿಸಿತೋ ಏನೋ, ಬಗ್ಗಿ, ಗೂಟ ಬಿಟ್ಟು ನಾಲ್ಕು ಕಲ್ಲು ತಂದು ಹಗ್ಗಗಳನ್ನು ಕಟ್ಟಿದ. ನಾವು ಒಂದು ತಾಸು ಹೆಣಗಿದ್ದು ಅವನ ಕೈಯಲ್ಲಿ ಕ್ಷಣದೊಳಗೆ ನಿಂತಿತು. ನಾವಿನ್ನೂ ಚಪ್ಪಲಿ ಬಿಚ್ಚುತ್ತಿದ್ದೆವು, ಒಂದು ಕುರಿ ನುಗ್ಗಿ ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಇನ್ನು ಐದಾರು. ಡೇರೆ ಉಬ್ಬಿತು, ಎಷ್ಟು ಒದರಿದರೂ ಒಂದೂ ಹೊರಗೆ ಬರಲಿಲ್ಲ.

ಮುದುಕ ಮೊದಲ ಸಲ ನಕ್ಕ.

"ನೋಡ್ರಿ ಅಕ್ಕಾರ, ಇದು ಯಾರ ಸಲುವಾಗಿ ಮಾಡ್ಯಾರ ಅಂತ ಅವಕ್ಕ ಗೊತ್ತಾತು."

೫. ರಜೆಯ ಕಾರಣ

ನಾಲ್ಕು ವರ್ಷ ಹೀಗೇ ಹೋಯಿತು. ಐದನೆಯ ವರ್ಷ ಉದ್ಯಾನದ ಅನುಮತಿಗೆ ಬರೆದೆ, ದಾರಿ ತೋರಿಸುವವರ ಜೊತೆ ಫೋನಿನಲ್ಲಿ ಮಾತಾಡಿದೆ, ಎಲ್ಲ ಕೂಡಿ ಬಂತು. ಇನ್ನು ಸುಳ್ಳು ಸಾಕು ಅನ್ನಿಸಿತು. ರಜೆಯ ಅರ್ಜಿಯಲ್ಲಿ ಕಾರಣ ಅನ್ನುವ ಜಾಗದಲ್ಲಿ ಇದ್ದದ್ದನ್ನೇ ಬರೆದೆ: ಮರುಭೂಮಿಯಲ್ಲಿ ನಡೆಯುವ ಸಲುವಾಗಿ.

ಇಪ್ಪತ್ತೆಂಟು ವರ್ಷದಲ್ಲಿ ನಾನು ಹಾಕಿದ ರಜೆಗಳ ಕಾರಣ ನನಗೆ ನೆನಪಿವೆ. ಬಾಣಂತನ, ಮಗನ ಜ್ವರ, ನಾದಿನಿಯ ಮದುವೆ, ಮಾವನವರ ಆಪರೇಶನ್, ಮಾವನವರ ತಿಥಿ, ನಾದಿನಿಯ ಬಾಣಂತನ. ಒಂದನ್ನೂ ಹೆಡ್ ಮಾಸ್ತರರು ತಿರುಗಿಸಿ ಕೇಳಿದವರಲ್ಲ. ಈ ಅರ್ಜಿಯನ್ನು ಮಾತ್ರ ಟೇಬಲ್ಲಿನ ಖಾನೆಯಲ್ಲಿ ಹಾಕಿ, ನನ್ನನ್ನು ಏನೂ ಕೇಳದೆ, ನಮ್ಮವರಿಗೆ ಫೋನ್ ಮಾಡಿದರು.

"ಸರ್, ಅಕ್ಕಾರು ಆರಾಮ ಅದಾರಲ್ರಿ?"

"ಆರಾಮ ಇದ್ದಾಳಲ್ಲ. ಯಾಕ್ರಿ?"

"ಏನಿಲ್ರಿ. ಈ ವಯಸ್ಸಿನಾಗ ಹೆಣ್ಣುಮಕ್ಕಳಿಗೆ ಒಮ್ಮೊಮ್ಮೆ ಆಗ್ತೈತ್ರಿ. ಒಮ್ಮೆ ಡಾಕ್ಟರಿಗೆ ತೋರಸ್ರಿ."

ನಮ್ಮವರು ಗಾಬರಿಯಾದರು. ನನ್ನನ್ನು ಡಾಕ್ಟರ ಹತ್ತಿರ ಕರಕೊಂಡು ಹೋದರು. ಡಾಕ್ಟರು ನಾಡಿ ನೋಡಿದರು, ನಾಲಿಗೆ ನೋಡಿದರು.

"ನಿದ್ದಿ ಬರ್ತದೇನ್ರಿ?"

"ಮನಿಯೊಳಗ ಇಲ್ರಿ. ಮಸೂತಿ ಸಾಲಿ ಬೆಂಚಿನ ಮ್ಯಾಲೆ ಛಲೋ ಬಂದಿತ್ತು."

"ಊಟ ಹೋಗ್ತದ?"

"ಬ್ಯಾರೆಯವರು ಮಾಡಿ ಹಾಕಿದ್ರ ಹೋಗ್ತದ್ರಿ."

ಡಾಕ್ಟರು ನನ್ನನ್ನು ಬಿಟ್ಟು ನಮ್ಮವರ ಮುಖ ನೋಡಿದರು. ನಮ್ಮವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಡಾಕ್ಟರು ಚೀಟಿಯಲ್ಲಿ ಬರೆದರು: ಮನಸ್ಸಿಗೆ ತೀವ್ರ ದಣಿವು. ಹತ್ತು ದಿನ ಮನೆಯಿಂದ ದೂರ, ಒಣ ಹವೆಯ ಜಾಗದಲ್ಲಿ ವಿಶ್ರಾಂತಿ ಅಗತ್ಯ.

ಆ ಚೀಟಿ ನೋಡಿ ಹೆಡ್ ಮಾಸ್ತರರು ತಕ್ಷಣ ಸಹಿ ಹಾಕಿದರು. ಎದ್ದು ನಿಂತು ಸಮಾಧಾನ ಬೇರೆ ಹೇಳಿದರು. ಖುಷಿಗೆ ಅಂತ ನೌಕರಿಯಲ್ಲಿ ನನಗೆ ಮೊದಲ ಸಲ ರಜೆ ಸಿಕ್ಕಿತು, ತಲೆ ಸರಿ ಇಲ್ಲ ಅಂತ ಬರೆಸಿಕೊಂಡು ಬಂದ ಮೇಲೆ. ಅಷ್ಟರೊಳಗೆ ಉದ್ಯಾನದ ಅನುಮತಿಯ ದಿನ ದಾಟಿ ಹೋಗಿತ್ತು. ಆ ಹತ್ತು ದಿನ ನಾನು ಮನೆಯಲ್ಲೇ ವಿಶ್ರಾಂತಿ ತಗೊಂಡೆ. ರಜೆ ಹೇಗೂ ಇದೆಯಲ್ಲ ಅಂತ ನಮ್ಮವರು ವರ್ಷದ ಹಪ್ಪಳ-ಸಂಡಿಗೆ ಮಾಡಿಸಿಕೊಂಡರು.

೬. ರಕ್ಷಕರು

ಆರನೆಯ ವರ್ಷ ರಜೆ, ಅನುಮತಿ ಎರಡೂ ಕೂಡಿ ಬಂದು ಖರೇನೇ ಹೊರಟೆವು. ಸೊಲ್ಲಾಪುರದ ಸ್ಟೇಶನ್ನಿನಲ್ಲಿ ನಾನು, ಸಿಸ್ಟರ್ ಕಾಯುತ್ತ ನಿಂತಿದ್ದೆವು. ವೈನಿ ಬಂದಳು. ಅವಳ ಮುಂದೆ ಅವಳ ಯಜಮಾನರೂ ಬಂದರು. ಹೊಸ ಬೂಟು, ಕೊರಳಿಗೆ ದುರ್ಬೀನು, ಕೈಯಲ್ಲಿ ಒಂದು ಚೀಲ ನಿಂಬೆಹಣ್ಣು. ಇಂಡಿಯಲ್ಲಿ ಅವರದು ದೊಡ್ಡ ನಿಂಬೆಯ ತೋಟ, ಮಾತು ತೋಟಕ್ಕಿಂತ ದೊಡ್ಡದು.

"ಹೆಣ್ಣುಮಕ್ಕಳು ಮೂರು ಮಂದಿ ಅಷ್ಟು ದೂರ ಹೆಂಗ ಹೋಗ್ತೀರಿ? ರಕ್ಷಣಾಕ್ಕ ಒಬ್ಬರು ಬೇಕಲ್ರಿ, ಬಂದೆ," ಅಂದರು.

ವೈನಿ ನಮ್ಮ ಕಣ್ಣು ತಪ್ಪಿಸಿದಳು. ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮವರು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. "ಗಂಡಸರೊಬ್ಬರು ಇದ್ದಾರಲ್ಲ, ಚಿಂತಿ ಇಲ್ಲ ಬಿಡು."

ಮರುಭೂಮಿಯಲ್ಲಿ ಮೊದಲನೆಯ ದಿನ ನಮಗೆ ದಾರಿ ತೋರಿಸಲು ಬಂದವರು ಆ ಕಡೆಯ ಹಿರಿಯರೊಬ್ಬರು, ನಿಧಾನಕ್ಕೆ ಹಿಂದಿ ಮಾತಾಡುವವರು. ಗಿಡವೊಂದನ್ನು ತೋರಿಸಿ ಏನೋ ಹೆಸರು ಹೇಳಿದರು. ನೋಡಿದರೆ ನಮ್ಮ ಬನ್ನಿ ಗಿಡ. ನನಗೆ ನೆಂಟರು ಸಿಕ್ಕಂತಾಯಿತು. ಅಷ್ಟರಲ್ಲಿ ಹಿಂದೆ ಯಾರೋ ಚೀರಿದರು. ಮೊಳದುದ್ದದ ಮುಳ್ಳುಬಾಲದ ಹಲ್ಲಿಯೊಂದು ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತಿತ್ತು. ಅದು ಹುಲ್ಲು ತಿನ್ನುವ ಪ್ರಾಣಿ, ಚೀರಿದ್ದು ಕೇಳಿ ಅದೇ ಹೆದರಿ ಒಳಗೆ ಓಡಿತು. ಯಜಮಾನರು ಅಲ್ಲಿಂದ ಮುಂದೆ ನಮ್ಮ ನಡುವೆ ನಡೆದರು. ಮುಂದೆ ನಡೆದರೆ ಎದುರಿನಿಂದ ಏನಾದರೂ ಬಂದೀತು, ಹಿಂದೆ ನಡೆದರೆ ಬೆನ್ನ ಹಿಂದಿನಿಂದ ಬಂದೀತು.

ಎರಡನೆಯ ದಿನ ಹೊಸ ಬೂಟು ಅವರ ಕಾಲು ಕಚ್ಚಿತು. ಸಿಸ್ಟರ್ ಪಟ್ಟಿ ಕಟ್ಟಿದಳು. ನಾನು ಅವರ ನೀರು ಹೊತ್ತೆ. ವೈನಿ ಅವರ ಚೀಲ, ದುರ್ಬೀನು, ನಿಂಬೆಹಣ್ಣು ಎಲ್ಲವನ್ನೂ ಹೊತ್ತಳು. ಮೂರನೆಯ ದಿನ ಬೆಳಿಗ್ಗೆ ಅವರು ಡೇರೆ ಬಿಟ್ಟು ಏಳಲಿಲ್ಲ. ದಾರಿ ತೋರಿಸುವವರ ಜೊತೆ ನಾವು ಮೂವರೇ ಹೋದೆವು. ಬಹಳ ದೂರದಲ್ಲಿ, ಹುಲ್ಲಿನ ನಡುವೆ, ಒಂದು ಎತ್ತರದ ಹಕ್ಕಿ ತಲೆಯೆತ್ತಿ ನಡೆದು ಹೋಯಿತು. ನಮ್ಮ ಕಡೆ ಅದಕ್ಕೆ ಎರೆಭೂತ ಅನ್ನುತ್ತಿದ್ದರು.

"ನಮ್ಮಪ್ಪ ಸಣ್ಣಾಂವ ಇದ್ದಾಗ ನಮ್ಮ ಎರಿ ಹೊಲದಾಗ ತಿರಗತಿದ್ದೂವಂತ್ರಿ," ಅಂದಳು ಸಿಸ್ಟರ್. ಕಣ್ಣು ಒರೆಸಿಕೊಂಡಳು. "ನೋಡಾಕ ನಾ ಇಷ್ಟು ದೂರ ಬರಬೇಕಾತು."

ನಾವು ತಾಸುಗಟ್ಟಲೆ ಅಲ್ಲೇ ಉಸುಕಿನಲ್ಲಿ ಕೂತೆವು. ಆರು ವರ್ಷದಲ್ಲಿ ನಾವು ಬೇಡಿದ್ದು ಅಷ್ಟೇ. ಸಿಕ್ಕದ್ದೂ ಅಷ್ಟೇ. ತಿರುಗಿ ಬಂದಾಗ ಯಜಮಾನರಿಗೆ ಒಂಟೆ ತರಿಸಿದ್ದರು. ಉಳಿದ ಎರಡೂವರೆ ದಿನ ಅವರು ಒಂಟೆಯ ಮೇಲೆ, ನಾವು ಕೆಳಗೆ. ಅವರ ಫೋಟೋ ತೆಗೆದವಳು ವೈನಿ.

ಊರಿಗೆ ಬಂದ ಹದಿನೈದು ದಿನಕ್ಕೆ ಇಂಡಿಯಲ್ಲಿ ಒಂದು ಸತ್ಕಾರ ಸಮಾರಂಭ ಇಟ್ಟುಕೊಂಡರು. ಮರುಭೂಮಿಯಲ್ಲಿ ಮೂವರು ಮಹಿಳೆಯರನ್ನು ಸುರಕ್ಷಿತವಾಗಿ ನಡೆಸಿ ತಂದ ಸಾಹಸಿಗೆ ಸತ್ಕಾರ. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್, ಅದರಲ್ಲಿ ಒಂಟೆಯ ಮೇಲೆ ಯಜಮಾನರು. ಫೋಟೋ ಕತ್ತರಿಸಿದ್ದರೂ ಒಂಟೆಗೆ ನಾಲ್ಕೂ ಕಾಲು ಉಳಿದಿದ್ದವು. ನನ್ನದು ಎಡಗೈಯೊಂದು ಉಳಿದಿತ್ತು. ನಮ್ಮನ್ನು ಮರೆತಿದ್ದರು ಅಂತ ಹೇಳಿದರೆ ತಪ್ಪಾದೀತು. ಸಿಸ್ಟರ್‌ಗೆ ಪ್ರಾರ್ಥನಾ ಗೀತೆ, ನನಗೆ ವಂದನಾರ್ಪಣೆ, ವೈನಿಗೆ ಉಪ್ಪಿಟ್ಟು ಬಡಿಸುವ ಜವಾಬ್ದಾರಿ ಕೊಟ್ಟಿದ್ದರು.

ಪೇಟಾ ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಯಜಮಾನರು ಮುಕ್ಕಾಲು ತಾಸು ಮಾತಾಡಿದರು. ಹಲ್ಲಿ ಅವರ ಮಾತಿನಲ್ಲಿ 'ಮೊಸಳಿ ಜಾತಿಯ ಪ್ರಾಣಿ' ಆಗಿತ್ತು. ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು:

"ಧಣೇರ, ಮರುಭೂಮ್ಯಾಗ ಭಾಳ ಕಷ್ಟದ್ದು ಯಾವುದಿತ್ರಿ? ಬಿಸಲೋ, ನೀರೋ?"

"ಬಿಸಲು ತಡಕೋಬಹುದ್ರಿ," ಅಂದರು ಅವರು ಗಂಭೀರವಾಗಿ. "ಹೆಣ್ಣುಮಕ್ಕಳನ್ನ ಸಂಭಾಳಸೂದು ಐತಲ್ರಿ, ಅದು ಕಷ್ಟ."

ಸಭೆ ಗೊಳ್ಳೆಂದು ನಕ್ಕಿತು. ವಂದನಾರ್ಪಣೆಗೆ ಅಂತ ನಾನು ಮೈಕಿನ ಹತ್ತಿರ ಹೋಗುತ್ತಿದ್ದೆ. ಸಿಟ್ಟಿನಲ್ಲಿ ವಂದನೆಯ ಚೀಟಿಯನ್ನು ಮುದ್ದೆ ಮಾಡಿದ್ದೆ. ಅಷ್ಟರಲ್ಲಿ ವೈನಿ ಬಂದಳು. ಉಪ್ಪಿಟ್ಟಿನ ಸೌಟು ಕೈಯಲ್ಲೇ ಇತ್ತು. "ಒಂದೀಟು ಕೊಡ್ರಿ ಅಕ್ಕಾರ" ಅಂತ ಮೈಕ್ ತಗೊಂಡಳು. ಅವಳು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡವರಿಲ್ಲ.

"ಎಲ್ಲಾರಿಗೂ ನಮಸ್ಕಾರ್ರಿ," ಅಂದಳು. "ನಮ್ಮವರು ಹೇಳಿದ್ದು ಖರೇ ಐತ್ರಿ. ನಮ್ಮನ್ನ ಸಂಭಾಳಸೂದ್ರಾಗ ಅವರಿಗೆ ಮರುಭೂಮಿ ಸರಿಯಾಗಿ ನೋಡಾಕ ಆಗಲಿಲ್ಲ. ನನಗ ಭಾಳ ಕೆಟ್ಟ ಅನಸ್ತು. ಅದಕ್ಕ ಮುಂದಿನ ಸಲ ನಾವು ಯಾರೂ ಅವರಿಗೆ ಅಡ್ಡ ಬರೂದಿಲ್ರಿ. ಅವರು ಒಬ್ಬರಽ ಹೋಗ್ತಾರ, ಹತ್ತು ದಿನ. ಅನುಮತಿಗೆ ಅವರ ಹೆಸರು ನಿನ್ನೆ ಹಚ್ಚೇನ್ರಿ."

ಅಂಥಾ ಚಪ್ಪಾಳೆ ನಾನು ಆ ಸಭಾಭವನದಲ್ಲಿ ಕೇಳಿಲ್ಲ. ಅಧ್ಯಕ್ಷರು ಎದ್ದು ನಿಂತು, ಒಬ್ಬರೇ ಹೋಗಿ ಬಂದರೆ ಇದಕ್ಕಿಂತ ದೊಡ್ಡ ಸತ್ಕಾರ ಮಾಡುತ್ತೇವೆ ಅಂತ ಅಲ್ಲೇ ಘೋಷಿಸಿದರು. ಯಜಮಾನರು ನಗುಮುಖದಲ್ಲೇ ಎದ್ದು ಸಭೆಗೆ ಕೈ ಮುಗಿದರು. ಪೇಟಾದ ಕೆಳಗಿಂದ ಬೆವರು ಇಳಿಯುತ್ತಿತ್ತು. ಆಮೇಲೆ ಹೆಂಡತಿಯ ಕಡೆ ವಾಲಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಏನೋ ಹೇಳಿದರು.

ವೈನಿ ಮೈಕನ್ನು ಕೆಳಗಿಳಿಸಿರಲಿಲ್ಲ. ಇಡೀ ಸಭಾಭವನಕ್ಕೆ, ಹೊರಗೆ ಕಟ್ಟಿದ್ದ ಎರಡು ಸ್ಪೀಕರಿನಿಂದ ಬಸ್ ನಿಲ್ದಾಣದವರೆಗೂ, ಸಾಹಸಿಗಳ ದನಿ ಸ್ವಚ್ಛವಾಗಿ ಕೇಳಿಸಿತು:

"ಏ, ನೀ ಬರಬೇಕಽ ನೋಡು! ಒಬ್ಬಾಂವಗ ನನಗ ಹೆದರಿಕಿ ಬರ್ತೈತಿ!"